ತೇಗವೋ ಹಲಸೋ, ಅಗಸೆಎಣ್ಣೆಯೋ ಅರಗೋ: ಊರಿನ ಮರಕ್ಕೆ ಒಗ್ಗುವ ಸಹಜ ಬಣ್ಣ ಆರಿಸುವುದು ಹೇಗೆ

ಮಂಚವೋ ಊಟದ ಮೇಜೋ ಮಾಡಿಸಲು ಹೊರಟವರು ಆಚಾರ್ರನ್ನು ಮೊದಲು ಕೇಳುವುದು ಯಾವ ಮರ ಎಂದು, ಆಮೇಲೆ ಸಿಎಫ್‌ಟಿಗೆ (ಘನ ಅಡಿಗೆ) ಎಷ್ಟು ಎಂದು. ಬಣ್ಣದ ಮಾತು ಬರುವುದು ತೀರಾ ಕೊನೆಗೆ, ಪಾಲಿಶ್‌ನವನು ಡಬ್ಬಿ ತೆರೆದು ಮನೆಯೆಲ್ಲ ಥಿನ್ನರ್ ವಾಸನೆ ತುಂಬಿಕೊಂಡ ಮೇಲೆ. ಅಷ್ಟೊತ್ತಿಗೆ ಆರಿಸಲು ಉಳಿದಿರುವುದು ಹೊಳಪು ಬೇಕೋ ಮ್ಯಾಟ್ ಬೇಕೋ ಅನ್ನುವುದು ಮಾತ್ರ.

ನನ್ನ ಮಟ್ಟಿಗೆ ಮರ ಮತ್ತು ಲೇಪ ಎರಡು ಬೇರೆ ಬೇರೆ ನಿರ್ಧಾರಗಳಲ್ಲ. ಹಲಸಿಗೆ ಸಾಕಾಗುವ ಎಣ್ಣೆ ಸಿಲ್ವರ್ ಓಕ್‌ಗೆ ಸಾಲದು. ಕಲಬುರಗಿಯ ಒಣ ಹವೆಯಲ್ಲಿ ವರ್ಷಗಟ್ಟಲೆ ಚೆಂದವಾಗಿರುವ ಅಗಸೆಎಣ್ಣೆಯ ಲೇಪ ಶಿರಸಿಯ ಮಳೆಗಾಲದಲ್ಲಿ ಬೂಸಲು ಹಿಡಿದು ಕಪ್ಪಾಗುತ್ತದೆ. ಗೋಡೆಗೆ ಸುಣ್ಣ ಬಳಿಸುತ್ತೀರೋ ಪ್ಲಾಸ್ಟಿಕ್ ಎಮಲ್ಶನ್ ಹೊಡೆಸುತ್ತೀರೋ ಅನ್ನುವುದಕ್ಕೂ ಗೋಡೆಗೆ ಒರಗಿ ನಿಲ್ಲುವ ಕಪಾಟಿಗೂ ಸಂಬಂಧವಿದೆ. ಹಾಗಾಗಿ ಕೆಳಗಿನ ಹೋಲಿಕೆಯಲ್ಲಿ ಮರದ ಮಾತಿನೊಳಗೆ ಬಣ್ಣವೂ ಬಣ್ಣದ ಮಾತಿನೊಳಗೆ ಮರವೂ ನುಸುಳುತ್ತವೆ.

ತೇಗ ಮತ್ತು ಹಲಸು

ಅಂಗಡಿಯವರು 'ಲೋಕಲ್ ತೇಗ' ಅಂದರೆ ಅದು ದಾಂಡೇಲಿಯ ಡಿಪೋದಲ್ಲಿ ಹರಾಜಾದದ್ದಿರಬಹುದು, ಯಾರದೋ ಹೊಲದ ಬದುವಿನಲ್ಲಿ ಬೆಳೆದದ್ದಿರಬಹುದು, ಆಫ್ರಿಕಾದಿಂದ ಹಡಗಿನಲ್ಲಿ ಬಂದು ಇಲ್ಲಿಯ ಸಾಮಿಲ್‌ನಲ್ಲಿ ಸೀಳಿಸಿಕೊಂಡದ್ದೂ ಇರಬಹುದು. ಮ್ಯಾನ್ಮಾರ್ 2014ರಲ್ಲಿ ದಿಮ್ಮಿಗಳ ರಫ್ತು ನಿಲ್ಲಿಸಿತು, 'ಬರ್ಮಾ ತೇಗ' ಎಂಬ ಹೆಸರು ಮಾತ್ರ ನಮ್ಮ ಟಿಂಬರ್ ಅಂಗಡಿಗಳಲ್ಲಿ ಇನ್ನೂ ಓಡಾಡುತ್ತಿದೆ. ತೇಗಕ್ಕೆ ಗೆದ್ದಲು ಹತ್ತುವುದಿಲ್ಲ ಅನ್ನುವ ಮಾತು ಅದರ ಕೆಚ್ಚಿಗೆ, ಅಂದರೆ ನಡುವಿನ ಕಂದು ಬಣ್ಣದ ಚೇಗಿಗೆ, ಅನ್ವಯಿಸುತ್ತದೆ. ಅಲ್ಲಿರುವ ಎಣ್ಣೆಯಂಶವೇ ಹುಳಕ್ಕೆ ಆಗದು. ಸುತ್ತಲಿನ ಬಿಳಿ ಭಾಗಕ್ಕೆ ಈ ಕಾಪು ಇಲ್ಲ. ತೋಟದಲ್ಲಿ ಬೇಗ ಬೆಳೆಸಿ ಬೇಗ ಕಡಿದ ತೇಗದಲ್ಲಿ ಈ ಬಿಳಿಯೇ ಜಾಸ್ತಿ. ಅದನ್ನು ಸ್ಟೇನ್ ಬಳಿದು ಒಂದೇ ಬಣ್ಣಕ್ಕೆ ತಂದು ಮಾರಿದರೆ ನೀವು ಕೊಡುವುದು ತೇಗದ ಬೆಲೆ, ತೆಗೆದುಕೊಂಡು ಬರುವುದು ಗೆದ್ದಲಿನ ಊಟ.

ಹಲಸನ್ನು ಇದರ ಪಕ್ಕಕ್ಕಿಡಿ. ಮಲೆನಾಡಿನ, ಕರಾವಳಿಯ ಹಿತ್ತಲುಗಳಲ್ಲಿ, ದೊಡ್ಡಬಳ್ಳಾಪುರ, ತುಮಕೂರು ಕಡೆಯ ಹೊಲಗಳಲ್ಲಿ ಕಾಯಿ ಬಿಟ್ಟು ಬಿಟ್ಟು ಮುಪ್ಪಾದ ಮರಗಳಿವೆ. ಅವುಗಳ ಬುಡ ದಪ್ಪ, ಆದ್ದರಿಂದ ಹಲಗೆಯ ಅಗಲ ಸಿಗುತ್ತದೆ. ಮೇಜಿನ ಮೇಲ್ಮೈಯನ್ನು ಎರಡೇ ಹಲಗೆಯಲ್ಲಿ ಮುಗಿಸಬಹುದು. ಹತ್ತರಿ ಹಾಕಿದರೆ ಸಲೀಸಾಗಿ ಕೀಸಬಹುದು, ಚೆನ್ನಾಗಿ ಒಣಗಿದ್ದರೆ ಹೆಚ್ಚು ಡೊಂಕಾಗುವುದಿಲ್ಲ. ವೀಣೆಗೂ ಮೃದಂಗಕ್ಕೂ ಈ ಮರವನ್ನೇ ಆರಿಸಿಕೊಂಡು ಬಂದವರು ಸುಮ್ಮನೆ ಆರಿಸಿದ್ದಲ್ಲ. ಗೆದ್ದಲಿನ ವಿಷಯದಲ್ಲಿ ಹಳೆಯ ತೇಗದ ಕೆಚ್ಚಿನಷ್ಟು ಗಟ್ಟಿಯಲ್ಲ, ಆದರೆ ಎಳೆ ತೇಗದ ಬಿಳಿಗಿಂತ ಎಷ್ಟೋ ವಾಸಿ. ಬೆಲೆಯಂತೂ ಒಳ್ಳೆ ತೇಗದ ಹತ್ತಿರಕ್ಕೂ ಬರುವುದಿಲ್ಲ.

ಹಲಸಿನ ವಿಶೇಷ ಅದರ ಬಣ್ಣ. ಸೀಳಿದ ದಿನ ಹಳದಿ, ಬೆಳಕು ಬೀಳುತ್ತ ಹೋದಂತೆ ಜೇನುಬಣ್ಣ, ಕೆಲವು ವರ್ಷಕ್ಕೆ ಕೆಂಗಂದು. ಇದನ್ನು ಮೊದಲೇ ತಿಳಿದಿರದ ಗಿರಾಕಿಗಳು ಆಚಾರ್ರ ಮೇಲೆ ಸಿಟ್ಟಾಗುತ್ತಾರೆ. ಹೊಸ ಮೇಜಿನ ಮೇಲೆ ಮೊದಲ ಕೆಲವು ತಿಂಗಳು ಹೂದಾನಿ, ಟೇಬಲ್ ಮ್ಯಾಟುಗಳನ್ನು ಒಂದೇ ಜಾಗದಲ್ಲಿಟ್ಟರೆ ಅವುಗಳಡಿಯ ಜಾಗ ತಿಳಿಯಾಗಿಯೇ ಉಳಿದು ಅಚ್ಚು ಮೂಡುತ್ತದೆ, ಆಗಾಗ ಜರುಗಿಸುತ್ತಿರಿ. ಈ ಬಣ್ಣ ಬದಲಾವಣೆ ಇಷ್ಟವಿಲ್ಲದವರು ಹಲಸಿಗೆ ಸ್ಟೇನ್ ಹೊಡೆಸುವ ಬದಲು ಬೇರೆ ಮರ ಆರಿಸುವುದು ಒಳ್ಳೆಯದು. ಹಲಸಿನ ಸೋದರ ಹೆಬ್ಬಲಸು ಸಿಕ್ಕರೆ ಇನ್ನೂ ಗಟ್ಟಿ, ದೋಣಿ ಕಟ್ಟುವವರು ನಂಬುವ ಮರ ಅದು. ಆದರೆ ಮುಂಬಾಗಿಲಿಗೂ ಕಿಟಕಿಗೂ ಬಳಸಬೇಕಾದದ್ದನ್ನು ಟೀಪಾಯಿಗೆ ಬಳಸುವುದು ದುಂದು ಅನ್ನಿಸುತ್ತದೆ.

ಅಕೇಶಿಯಾ, ಸಿಲ್ವರ್ ಓಕ್ ಮತ್ತು ಉಳಿದವು

ಅಕೇಶಿಯಾ ಬಗ್ಗೆ ಮಲೆನಾಡಿನವರಿಗೆ ಸಿಟ್ಟಿದೆ, ಸಿಟ್ಟಿಗೆ ಕಾರಣವೂ ಇದೆ. ಹುಲ್ಲುಗಾವಲು, ಬೆಟ್ಟಗಳಲ್ಲೆಲ್ಲ ಒಂದೇ ಜಾತಿಯ ನೆಡುತೋಪು ಎಬ್ಬಿಸಿದ್ದರ ಫಲ ಇವತ್ತಿಗೂ ಕಣ್ಣ ಮುಂದಿದೆ. ಆಸ್ಟ್ರೇಲಿಯಾ, ನ್ಯೂಗಿನಿ ಕಡೆಯ ಮರವನ್ನು 'ಸ್ಥಳೀಯ' ಅನ್ನಬಹುದೇ ಎಂದು ಕೇಳುವವರಿದ್ದಾರೆ. ಹೊಸದಾಗಿ ನೆಡುವುದು ಬೇಡ, ಬೆಳೆದು ನಿಂತಿರುವುದನ್ನು ಸೌದೆಗೂ ಕಾಗದದ ಪಲ್ಪಿಗೂ ಕಳಿಸುವ ಬದಲು ಕುರ್ಚಿಯಾಗಿ ಇಪ್ಪತ್ತು ಮೂವತ್ತು ವರ್ಷ ಬಳಸೋಣ ಅನ್ನುವುದು ನನ್ನ ನಿಲುವು. ಮರ ಗಟ್ಟಿ, ಕೆಚ್ಚಿನ ಬಣ್ಣ ಗಾಢ ಕಂದು, ಎಣ್ಣೆ ಬಿದ್ದರೆ ಬೀಟೆಯ ಛಾಯೆ ಬರುತ್ತದೆ. ದೋಷ ಅದರ ಸ್ವಭಾವದಲ್ಲಿದೆ. ಕಾಂಡ ನೆಟ್ಟಗಿಲ್ಲ, ಸೀಳುವಾಗಲೇ ತುದಿಗಳು ಬಿರಿಯುತ್ತವೆ, ಹಸಿಯಾಗಿ ಜೋಡಿಸಿದರೆ ತಿರುಚಿಕೊಳ್ಳುತ್ತದೆ. ಆದ್ದರಿಂದ ಅಕೇಶಿಯಾದಲ್ಲಿ ಅಗಲ ಹಲಗೆಯ ಆಸೆ ಬಿಡಿ. ಕುರ್ಚಿ, ಬೆಂಚು, ಮಂಚದ ಕಾಲು, ಸಣ್ಣ ಪಟ್ಟಿಗಳನ್ನು ಅಂಟಿಸಿ ಮಾಡಿದ ಪ್ಯಾನೆಲ್ ಇಂಥವಕ್ಕೆ ಅದು ಹೇಳಿ ಮಾಡಿಸಿದ್ದು.

ಸಿಲ್ವರ್ ಓಕ್ ಕೂಡ ಆಸ್ಟ್ರೇಲಿಯಾದ್ದೇ. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಾಫಿ ತೋಟಗಳಲ್ಲಿ ನೆರಳಿಗೂ ಮೆಣಸಿನ ಬಳ್ಳಿಗೂ ನಿಂತ ಮರ. ಹಗುರ, ತಿಳಿ ಬಣ್ಣ, ದಿಮ್ಮಿಯನ್ನು ಸರಿಯಾದ ದಿಕ್ಕಿನಲ್ಲಿ ಸೀಳಿದರೆ ಹಲಗೆಯ ಮೇಲೆ ಲೇಸಿನಂಥ ಚಿತ್ತಾರ ಮೂಡುತ್ತದೆ. ಇಷ್ಟು ಚೆಂದದ ಎಳೆಯಿರುವ ಮರ ಪ್ಲೈವುಡ್ಡಿನ ಹೊಟ್ಟೆಯೊಳಗೆ ಸೇರಿ ಮರೆಯಾಗುವುದು ಬೇಸರದ ಸಂಗತಿ. ಆದರೆ ಕುಟ್ಟೆಹುಳುವಿಗೂ ಗೆದ್ದಲಿಗೂ ಇದು ಸುಲಭದ ತುತ್ತು. ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣದಲ್ಲಿ ಉಪಚರಿಸದೆ ಬಳಸಬಾರದು, ನೆಲಕ್ಕೆ ತಾಗುವ ಕಡೆ ಉಪಚರಿಸಿಯೂ ಬಳಸಬಾರದು. ಪುಸ್ತಕದ ಕಪಾಟು, ವಾರ್ಡ್‌ರೋಬಿನ ಒಳಭಾಗ, ಮಕ್ಕಳ ಓದುವ ಮೇಜು ಇದಕ್ಕೆ ಸರಿಯಾದ ಜಾಗಗಳು. ಕೊಯ್ಯುವಾಗ ಇದರ ಪುಡಿ ಕೆಲವರ ಚರ್ಮಕ್ಕೆ ಆಗುವುದಿಲ್ಲ, ಆಚಾರ್ರಿಗೆ ಮಾಸ್ಕ್ ಕೊಡಿಸಿ.

ಬಯಲುಸೀಮೆಯವರು ಇವೆರಡನ್ನೂ ಹುಡುಕಿಕೊಂಡು ಘಟ್ಟಕ್ಕೆ ಹೋಗಬೇಕಿಲ್ಲ. ಹೊಲದ ಬದುವಿನ ಹಳೆಯ ಬೇವು ಇದೆ. ಕೆಚ್ಚು ಕೆಂಪಗೆ, ಹುಳಕ್ಕೆ ಕಹಿ. ಎಳೆಗಳು ಒಂದರೊಳಗೊಂದು ಹೆಣೆದುಕೊಂಡಿರುವುದರಿಂದ ಹತ್ತರಿಗೆ ಸುಲಭವಾಗಿ ಬಗ್ಗದು, ಸಿಗಿದು ಏಳುತ್ತದೆ. ಮಿಷನ್ನಿನಲ್ಲಿ ಉಜ್ಜಿಸಿಕೊಂಡರೆ ಗಟ್ಟಿಮುಟ್ಟಾದ ಕಪಾಟಾಗುತ್ತದೆ. ಹೊನ್ನೆ ಒಳ್ಳೆಯ ಮರವೇ, ಆದರೆ ತೇವ ತಾಗಿದರೆ ಹಳದಿ ರಸ ಬಿಟ್ಟು ಪಕ್ಕದ ಸುಣ್ಣದ ಗೋಡೆಗೆ ಕಲೆ ಮಾಡುತ್ತದೆ. ಮತ್ತಿ ತೊಲೆ, ಬಾಗಿಲಿಗೆ ಸರಿ, ಮೇಜಿಗೆ ಭಾರ ಹೆಚ್ಚು, ಮೈಯೆಲ್ಲ ಕೂದಲೆಳೆಯ ಬಿರುಕು. ನಂದಿ ಮರ ಸಿಕ್ಕರೆ ಬಿಡಬೇಡಿ. ಮಾವು ಅಗ್ಗ, ಆದರೆ ಹುಳುವಿಗೆ ಪ್ರಿಯ, ಉಪಚರಿಸಿದ್ದರೆ ಮಾತ್ರ. ಸುಳ್ಯ, ಪುತ್ತೂರು ಕಡೆ ಹಾಲು ನಿಂತ ರಬ್ಬರ್ ಮರಗಳ ಹಲಗೆಯೂ ಹೀಗೇ. ಕಡಿದ ಕೆಲವೇ ದಿನಗಳಲ್ಲಿ ಬೋರಾನ್ ಉಪಚಾರ ಆಗದಿದ್ದರೆ ನೀಲಿ ಕಪ್ಪು ಶಿಲೀಂಧ್ರ ಹಿಡಿಯುತ್ತದೆ, ಆಗಿದ್ದರೆ ಒಳಾಂಗಣಕ್ಕೆ ಅಚ್ಚುಕಟ್ಟು. ಬಿದಿರಿನ ಮಾತು ಬೇರೆಯೇ ಒಂದು ಲೇಖನ ಬೇಡುತ್ತದೆ. ಇಲ್ಲಿ ಹೇಳಬೇಕಾದದ್ದು ಇಷ್ಟೇ: ಮೂರು ವರ್ಷ ತುಂಬದ ಗಳು ಬೇಡ, ಉಪಚರಿಸದ ಗಳು ಬೇಡ.

ಬೀಟೆಯನ್ನು ಈ ಪಟ್ಟಿಗೆ ನಾನು ಸೇರಿಸುವುದೇ ಇಲ್ಲ. 2017ರಿಂದ ಅದರ ಇಡೀ ಕುಲದ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದಲ್ಲಿದೆ. ನಮ್ಮ ಕಾಡಿನಲ್ಲಿ ಅದು ಬೆಳೆಯುವ ವೇಗ ನೋಡಿದರೆ ಹೊಸ ಬೀಟೆಯ ಸೋಫಾಗೆ ಸಮರ್ಥನೆ ಸಿಗುವುದು ಕಷ್ಟ. ಅಜ್ಜನ ಮನೆಯ ಬೀಟೆ ಮಂಚ ಇದ್ದರೆ ರಿಪೇರಿ ಮಾಡಿಸಿ.

ಎಲ್ಲಕ್ಕಿಂತ ಒಳ್ಳೆಯ ಆಯ್ಕೆ ಹಳೆಯ ಮರ

ಹಳೆಯ ತೊಟ್ಟಿಮನೆ ಕೆಡವಿದಾಗ ಬರುವ ತೊಲೆ, ಕಂಬ, ಬಾಗಿಲುಗಳು ದಶಕಗಳ ಕಾಲ ಒಣಗಿ ನೆಲೆನಿಂತವು. ಬಾಗುವುದು, ಬಿರಿಯುವುದೆಲ್ಲ ಯಾವತ್ತೋ ಮುಗಿದಿದೆ. ಇಂದು ಹೊಸದಾಗಿ ಸಿಗಲಾರದ ಗುಣಮಟ್ಟದ ತೇಗ, ಹೊನ್ನೆ, ಮತ್ತಿಗಳು ಈ ರಾಶಿಗಳಲ್ಲಿ ಹೊಸ ತೇಗಕ್ಕಿಂತ ಕಡಿಮೆ ಬೆಲೆಗೆ ಸಿಗುತ್ತವೆ. ಒಂದು ಹೊಸ ಮರವನ್ನೂ ಕಡಿಯಬೇಕಾಗಿಲ್ಲ.

ಆಯುವಾಗ ಮೂರು ಕೆಲಸ ಮಾಡಿ. ತುದಿಯನ್ನು ಉಳಿಯಿಂದ ಕೆತ್ತಿ ಒಳಗಿನ ಬಣ್ಣ ನೋಡಿ. ಬೆರಳ ಗೆಣ್ಣಿನಿಂದ ಉದ್ದಕ್ಕೂ ಬಡಿಯುತ್ತ ಹೋಗಿ, ಟೊಳ್ಳಾದ ಕಡೆ ಸದ್ದು ಬದಲಾಗುತ್ತದೆ. ಆಯಸ್ಕಾಂತ ಹಿಡಿದು ಮುರಿದ ಮೊಳೆಗಳನ್ನು ಪತ್ತೆ ಮಾಡಿ, ಇಲ್ಲವಾದರೆ ಸಾಮಿಲ್‌ನವರು ಬ್ಲೇಡ್ ಹಾಳಾಯಿತೆಂದು ಬಿಲ್ಲಿಗೆ ಸೇರಿಸುತ್ತಾರೆ. ಮುಖ್ಯವಾದ ಎಚ್ಚರಿಕೆ ಇನ್ನೊಂದಿದೆ. ಹಳೆಯ ಬಾಗಿಲ ಮೇಲಿನ ಎನಾಮೆಲ್ ಬಣ್ಣದಲ್ಲಿ ಸೀಸ ಇರುವ ಸಂಭವ ಹೆಚ್ಚು. ಮನೆಬಳಕೆಯ ಬಣ್ಣಗಳಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದೆಂಬ ನಿಯಮ ದೇಶದಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರ್‌ನಲ್ಲಿ. ಆದ್ದರಿಂದ ಹಳೆ ಬಣ್ಣವನ್ನು ಒಣಗಿದ್ದಂತೆಯೇ ಉಜ್ಜಿ ಧೂಳೆಬ್ಬಿಸಬೇಡಿ. ಒದ್ದೆ ಮಾಡಿ ಕೆರೆಸಿ, ಚಿಕ್ಕ ಮಕ್ಕಳೂ ಬಸುರಿಯರೂ ಇರುವ ಮನೆಯಲ್ಲಿ ಆ ಕೆಲಸವನ್ನು ಮನೆಯೊಳಗೆ ಇಟ್ಟುಕೊಳ್ಳಲೇಬೇಡಿ.

ಒಣಗಿದೆಯೇ, ಕಾಗದ ಇದೆಯೇ

ಜಾತಿಗಿಂತ ಮುಖ್ಯವಾದದ್ದು ಒಣಗುವಿಕೆ. ಚೆನ್ನಾಗಿ ಒಣಗಿದ ಅಕೇಶಿಯಾ ಹಸಿ ತೇಗಕ್ಕಿಂತ ಒಳ್ಳೆಯ ಕುರ್ಚಿಯಾಗುತ್ತದೆ. ಮರ ಗಾಳಿಯ ತೇವಕ್ಕೆ ತಕ್ಕಂತೆ ಹಿಗ್ಗುತ್ತದೆ, ಕುಗ್ಗುತ್ತದೆ, ಅದೂ ಎಳೆಯ ಉದ್ದಕ್ಕಲ್ಲ, ಅಡ್ಡಕ್ಕೆ. ಬೆಂಗಳೂರಿನಂಥ ಒಳನಾಡಿನಲ್ಲಿ ಮನೆಯೊಳಗಿನ ಮರದ ತೇವಾಂಶ ಸುಮಾರು ಶೇಕಡಾ 10ರಿಂದ 12ಕ್ಕೆ ಬಂದು ನಿಲ್ಲುತ್ತದೆ, ಕರಾವಳಿಯಲ್ಲಿ ಅದಕ್ಕಿಂತ ಮೂರ್ನಾಲ್ಕು ಅಂಶ ಮೇಲೆ. ಮಂಗಳೂರಿನಲ್ಲಿ ಮಾಡಿಸಿದ ಡ್ರಾಯರ್ ರಾಯಚೂರಿನಲ್ಲಿ ಸಡಿಲವಾಗುವುದು, ರಾಯಚೂರಿನದು ಮಂಗಳೂರಿನಲ್ಲಿ ಕಚ್ಚಿಕೊಳ್ಳುವುದು ಇದೇ ಕಾರಣಕ್ಕೆ. ಒಂದಂಗುಲದ ಹಲಗೆಗಳನ್ನು ನೆರಳಲ್ಲಿ, ನಡುವೆ ರೀಪು ಕೊಟ್ಟು ಪೇರಿಸಿಟ್ಟರೂ ಹಲವು ತಿಂಗಳು ಬೇಕು. ಎರಡಂಗುಲಕ್ಕೆ ಅದರ ಎರಡರಷ್ಟಕ್ಕಿಂತ ಹೆಚ್ಚು. 'ಹದಿನೈದು ದಿನ ಬಿಸಿಲಿಗೆ ಹಾಕಿದ್ದೇವೆ ಸಾರ್' ಅನ್ನುವ ಮಾತಿಗೆ ಬೆಲೆಯಿಲ್ಲ, ಬಿಸಿಲಿಗೆ ಹಾಕಿದ ಹಸಿ ಹಲಗೆ ಹೊರಗೆ ಒಣಗಿ ಒಳಗೆ ಹಸಿಯಾಗಿಯೇ ಉಳಿದು ಸೀಳುತ್ತದೆ. ಒಂದೆರಡು ಸಾವಿರ ರೂಪಾಯಿಗೆ ತೇವಮಾಪಕ ಸಿಗುತ್ತದೆ. ಹಲಗೆಯನ್ನು ಅಡ್ಡ ಕೊಯ್ಸಿ, ಹೊಸ ಮುಖಕ್ಕೆ ಚುಚ್ಚಿ ನೋಡಿ. ನೈಸರ್ಗಿಕ ಎಣ್ಣೆಯ ವಿಷಯದಲ್ಲಿ ಇದು ಇನ್ನೂ ಮುಖ್ಯ: ಹಸಿ ಮರ ಎಣ್ಣೆ ಕುಡಿಯುವುದಿಲ್ಲ, ಮೇಲೆಯೇ ಅಂಟಂಟಾಗಿ ನಿಲ್ಲುತ್ತದೆ.

ಕಾಗದದ ಮಾತು ಚುಟುಕಾಗಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಸ್ವಂತ ಜಮೀನಿನ ಮರ ಕಡಿಯಲೂ ಅನುಮತಿ ಬೇಕು. ಸಿಲ್ವರ್ ಓಕ್, ನೀಲಗಿರಿ, ಸರ್ವೆ, ರಬ್ಬರ್, ತೆಂಗು ಮುಂತಾದ ಕೆಲವಕ್ಕೆ ವಿನಾಯಿತಿ ಇದೆ. ತೇಗ, ಹೊನ್ನೆ, ಮತ್ತಿಯಂಥವನ್ನು ಊರಿಂದ ಊರಿಗೆ ಸಾಗಿಸುವಾಗ ಅರಣ್ಯ ಇಲಾಖೆಯ ಪಾಸ್ ಜೊತೆಗಿರಬೇಕು. 'ನಮ್ಮ ಮಾವನ ತೋಟದ ಮರ' ಎಂದು ಲಾರಿಗೆ ಹಾಕಿದವರು ಚೆಕ್‌ಪೋಸ್ಟಿನಲ್ಲಿ ಪೇಚಾಡುವುದು ಸಾಮಾನ್ಯ ದೃಶ್ಯ. ಯಾವ ಜಾತಿಯ ಮರ ಎಂಬ ಅನುಮಾನ ಬಂದರೆ ಮಲ್ಲೇಶ್ವರಂನಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಗೆ ತುಂಡು ಒಯ್ದು ಪರೀಕ್ಷಿಸಿಕೊಳ್ಳಬಹುದು.

ಎಣ್ಣೆ, ಮೇಣ, ಅರಗು, ಗೇರೆಣ್ಣೆ

ಮರದ ಮೇಲೆ ಹಚ್ಚುವ ಎಣ್ಣೆಗಳಲ್ಲಿ ಎರಡು ಜಾತಿ. ಗಾಳಿಗೆ ಒಡ್ಡಿದರೆ ಆಮ್ಲಜನಕದ ಜೊತೆ ಕೂಡಿ ಗಟ್ಟಿಯಾಗುವವು, ಎಂದಿಗೂ ಗಟ್ಟಿಯಾಗದವು. ಕೊಬ್ಬರಿ ಎಣ್ಣೆ, ಕಡಲೆಕಾಯಿ ಎಣ್ಣೆ, ಹರಳೆಣ್ಣೆ ಎರಡನೆಯ ಗುಂಪಿನವು. ಹಚ್ಚಿದ ದಿನ ಮಿರಿಮಿರಿ ಮಿಂಚಿ, ತಿಂಗಳಲ್ಲಿ ಧೂಳು ಹಿಡಿದು ಮುಗ್ಗಲು ವಾಸನೆ ಹೊಡೆಯುತ್ತವೆ. ಬೇವಿನೆಣ್ಣೆ, ಹೊಂಗೆಎಣ್ಣೆ ಕಪಾಟಿನ ಹಿಂಬದಿಗೆ, ಅಟ್ಟದ ರೀಪಿಗೆ ಹುಳು ತಡೆಯಲು ಸರಿಯೇ ಹೊರತು ಕೈ ತಾಗುವ ಜಾಗಕ್ಕಲ್ಲ. ಇಂಟರ್ನೆಟ್ಟಿನ ಮನೆಮದ್ದುಗಳು ಈ ವ್ಯತ್ಯಾಸವನ್ನು ಹೇಳುವುದೇ ಇಲ್ಲ.

ಗಟ್ಟಿಯಾಗುವ ಎಣ್ಣೆಗಳಲ್ಲಿ ಮೊದಲನೆಯದು ಅಗಸೆ. ಉತ್ತರ ಕರ್ನಾಟಕದಲ್ಲಿ ರೊಟ್ಟಿಗೆ ಹಿಂಡಿಯಾಗುವ ಅದೇ ಅಗಸೆ. ಅದರ ಎಣ್ಣೆ ಮರದೊಳಗೆ ಇಳಿದು ಎಳೆಯನ್ನು ಎದ್ದು ಕಾಣಿಸುತ್ತದೆ, ತೇಗ, ಹಲಸು, ಅಕೇಶಿಯಾಗಳಿಗೆ ಇದಕ್ಕಿಂತ ಚೆಂದದ ಲೇಪವಿಲ್ಲ ಎಂದೇ ನನ್ನ ಅಭಿಪ್ರಾಯ. ಅಂಗಡಿಯ 'ಬಾಯ್ಲ್ಡ್' ಅಗಸೆಎಣ್ಣೆ ಬೇಗ ಒಣಗುತ್ತದೆ, ಕಾರಣ ಅದಕ್ಕೆ ಕೋಬಾಲ್ಟ್, ಮ್ಯಾಂಗನೀಸ್ ಲವಣಗಳನ್ನು ಸೇರಿಸಿರುತ್ತಾರೆ. ಅದು ಬೇಡವೆಂದರೆ ಗಾಣದ ಎಣ್ಣೆ ತಂದು, ಒಂದೊಂದು ಕೈಯ ನಡುವೆ ದಿನಗಳನ್ನಲ್ಲ, ವಾರವನ್ನೇ ಬಿಡಬೇಕು. ಅಗಸೆ ಮರವನ್ನು ಹಳದಿಗೆ ತಿರುಗಿಸುತ್ತದೆ. ಸಿಲ್ವರ್ ಓಕ್, ರಬ್ಬರ್ ಮರದಂಥ ತಿಳಿ ಬಣ್ಣದವಕ್ಕೆ ಇದು ಬೇಡವಾದರೆ ಕುಸುಬೆ ಎಣ್ಣೆ ಇದೆ. ನಿಧಾನಕ್ಕೆ ಒಣಗುತ್ತದೆ, ಹಳದಿಯಾಗುವುದು ಕಡಿಮೆ. ವಿಜಯಪುರದ ಕಡೆ ಅಡುಗೆಗೆ ಬಳಸುವ ಎಣ್ಣೆಯೇ ಇದು, ಮರಕ್ಕೆ ಬಳಸುವವರು ಯಾಕೋ ಕಡಿಮೆ.

ಹಚ್ಚುವ ವಿಧಾನ ಸರಳ: ತೆಳುವಾಗಿ ಹಚ್ಚಿ, ಕಾಲು ಗಂಟೆ ಬಿಟ್ಟು, ಮೇಲೆ ಉಳಿದದ್ದನ್ನೆಲ್ಲ ಒರೆಸಿ ತೆಗೆಯಬೇಕು. ಒರೆಸದೆ ಬಿಟ್ಟರೆ ಅಂಟು ಪದರವಾಗುತ್ತದೆ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಎಣ್ಣೆ ಗಟ್ಟಿಯಾಗುವಾಗ ಶಾಖ ಹುಟ್ಟುತ್ತದೆ, ಮುದ್ದೆಯೊಳಗೆ ಅದು ಹೊರಹೋಗದೆ ತಾನಾಗಿ ಬೆಂಕಿ ಹತ್ತಿಕೊಳ್ಳುತ್ತದೆ. ಹರಡಿ ಒಣಗಿಸಿ, ಇಲ್ಲವೇ ನೀರಿನ ಬಕೆಟ್ಟಿಗೆ ಹಾಕಿ.

ಎಣ್ಣೆ ಒಣಗಿದ ಮೇಲೆ ಜೇನುಮೇಣ ತಿಕ್ಕಿದರೆ ಮುಟ್ಟಲು ರೇಷ್ಮೆ. ಬರೀ ಮೇಣಕ್ಕೆ ಮರ ಕಾಯುವ ಶಕ್ತಿಯಿಲ್ಲ, ಸುಮಾರು 63 ಡಿಗ್ರಿಗೆ ಕರಗುವ ವಸ್ತುವಿನ ಮೇಲೆ ಬಿಸಿ ಪಾತ್ರೆ ಇಟ್ಟರೆ ಏನಾಗುತ್ತದೆ ಎಂದು ಹೇಳಬೇಕಿಲ್ಲ.

ಅರಗಿನ ಕಥೆ ಬೇರೆ. ಅದು ಮರದೊಳಗೆ ಇಳಿಯದೆ ಮೇಲೆ ಪದರವಾಗಿ ಕೂರುತ್ತದೆ, ಸ್ಪಿರಿಟ್ಟಿನಲ್ಲಿ ಕರಗಿಸಿ ಹತ್ತಿ ಉಂಡೆಯಿಂದ ಹತ್ತಾರು ತೆಳು ಕೈ ತಿಕ್ಕುವುದೇ ಹಳೆಯ ಫ್ರೆಂಚ್ ಪಾಲಿಶ್. ಒಣಗಿದ ಮೇಲೆ ಮಕ್ಕಳು ಬಾಯಿಗೆ ಹಾಕಿಕೊಂಡರೂ ಭಯವಿಲ್ಲ. ಗೀರು ಬಿದ್ದರೆ ಅದೇ ಜಾಗಕ್ಕೆ ಇನ್ನೊಂದು ಕೈ ತಿಕ್ಕಿದರೆ ಹಳೆಯ ಪದರದಲ್ಲೇ ಬೆರೆತುಹೋಗುತ್ತದೆ. ಪಿಯು (ಪಾಲಿಯುರೆಥೇನ್) ಪಾಲಿಶ್‌ನಲ್ಲಿ ಇದು ಸಾಧ್ಯವಿಲ್ಲ, ಅಲ್ಲಿ ಇಡೀ ಮೇಲ್ಮೈ ಕೆರೆದು ಮತ್ತೆ ಹೊಡೆಯಬೇಕು. ಅರಗಿನ ಶತ್ರುಗಳು ನೀರು, ಬಿಸಿ, ಮದ್ಯಸಾರ. ಕಾಫಿ ಲೋಟದ ಬಿಳಿ ಉಂಗುರ ಅರಗಿನ ಮೇಜಿನ ಹಣೆಬರಹ. ಕರಗಿಸಿಟ್ಟ ಅರಗು ಹಳತಾದಂತೆ ಸರಿಯಾಗಿ ಒಣಗದು, ಆದ್ದರಿಂದ ಹರಳು ತಂದು ಬೇಕಾದಾಗ ಬೇಕಾದಷ್ಟೇ ಕರಗಿಸಿ. ಸ್ಪಿರಿಟ್ಟಿಗೆ ವಿಷಕಾರಿ ಮೆಥನಾಲ್ ಬೆರೆಸಿರುವುದರಿಂದ ಕಿಟಕಿ ತೆರೆದಿಟ್ಟೇ ಕೆಲಸ ಮಾಡಬೇಕು.

ಇದೇ ಅರಗನ್ನು ಚನ್ನಪಟ್ಟಣದವರು ಸ್ಪಿರಿಟ್ ಇಲ್ಲದೆ ಬಳಸುತ್ತಾರೆ. ತಿರುಗುವ ಆಲೆಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಘರ್ಷಣೆಯ ಬಿಸಿಗೆ ಕರಗಿ ಹತ್ತಿಕೊಳ್ಳುತ್ತದೆ, ತಾಳೆಗರಿ ಒತ್ತಿ ಹಿಡಿದರೆ ಹೊಳಪು ಬರುತ್ತದೆ. ಚರಕಿಯ (ಲೇತ್) ಮೇಲೆ ತಿರುಗುವ ದುಂಡನೆಯ ವಸ್ತುವಿಗೆ ಮಾತ್ರ ಇದು ಆಗುವ ಕೆಲಸ. ಚಪ್ಪಟೆ ಹಲಗೆಗೆ ಈ ಲೇಪ ಬೇಕೆಂದು ಹಟ ಹಿಡಿಯುವ ಬದಲು ಡ್ರಾಯರ್ ಗುಬುಟು, ಕೋಟು ನೇತುಹಾಕುವ ಗೂಟ, ತೊಟ್ಟಿಲ ಕಂಬಿ, ಸ್ಟೂಲಿನ ಕಾಲುಗಳನ್ನು ಅಲ್ಲಿ ಮಾಡಿಸಿ. ಅರಿಶಿನ, ನೀಲಿಯಂಥ ಸಸ್ಯಬಣ್ಣ ಬಳಸುವವರೂ ರಾಸಾಯನಿಕ ಬಣ್ಣ ಬಳಸುವವರೂ ಅಲ್ಲಿದ್ದಾರೆ, ಕೇಳಿ ಕೊಳ್ಳಿ.

ಕರಾವಳಿಯವರಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಗೊತ್ತೇ ಇದೆ. ದೋಣಿಗೂ ಮಾಡಿನ ಪಕ್ಕಾಸಿಗೂ ಹಚ್ಚುವಂಥದು, ಕಡುಗಂದು, ಹುಳುವಿಗೂ ತೇವಕ್ಕೂ ತಡೆ. ಅಂಗಳದ ಬೆಂಚು, ಜಗಲಿಯ ಕಂಬ, ಅಕೇಶಿಯಾದ ಗೇಟು ಇಂಥವಕ್ಕೆ ನಾನು ಬೇರೇನನ್ನೂ ಹುಡುಕಲಾರೆ. ಸಹಜ ಅಂದಮಾತ್ರಕ್ಕೆ ಸಾಧು ಎಂದುಕೊಳ್ಳಬೇಡಿ. ಹಸಿಯಿರುವಾಗ ಚರ್ಮಕ್ಕೆ ತಾಗಿದರೆ ಗುಳ್ಳೆಯೆದ್ದು ಸುಡುತ್ತದೆ, ಕೈಗವಸು ಬೇಕೇ ಬೇಕು. ಮನೆಯೊಳಗೆ ವಾಸನೆ ಬಹಳ ದಿನ ನಿಲ್ಲುತ್ತದೆ.

ಕಪ್ಪು ಪೀಠೋಪಕರಣ ಬೇಕೆನ್ನುವವರಿಗೆ ಒಂದು ಹಳೆಯ ದಾರಿ. ಅಳಲೆಕಾಯಿ ಕುದಿಸಿದ ನೀರನ್ನು ಮರಕ್ಕೆ ಬಳಿದು ಒಣಗಿಸಿ, ಮೇಲೆ ಅನ್ನಭೇದಿಯ (ಕಬ್ಬಿಣದ ಸಲ್ಫೇಟ್) ತೆಳು ದ್ರಾವಣ ಬಳಿದರೆ ಕಣ್ಣೆದುರೇ ಕಪ್ಪಾಗುತ್ತದೆ. ಹಿಂದೆ ಬರೆಯುವ ಶಾಯಿ ಮಾಡುತ್ತಿದ್ದದ್ದೂ ಹೀಗೆಯೇ. ಬಣ್ಣ ಮೇಲೆ ಕೂರದೆ ಮರದೊಳಗೇ ಹುಟ್ಟುವುದರಿಂದ ಎಳೆ ಮುಚ್ಚಿಹೋಗುವುದಿಲ್ಲ. ಒಣಗಿದ ಮೇಲೆ ಎಣ್ಣೆ ಹಚ್ಚಿ.

ಗೋಡೆಗೆ: ಸುಣ್ಣ, ಮಣ್ಣು, ಸಗಣಿಯ ಪೇಂಟ್

ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಮತ್ತೆ ಕಲ್ಲಾಗುತ್ತದೆ. ಗೋಡೆಯ ತೇವ ಆವಿಯಾಗಿ ಹೊರಹೋಗಲು ಬಿಡುತ್ತದೆ, ಅದರ ಕ್ಷಾರಗುಣಕ್ಕೆ ಬೂಸಲು ಬೇಗ ಹತ್ತದು. ಒರತೆಯ ಗೋಡೆಗೆ ಒರಗಿಸಿಟ್ಟ ಮರದ ಕಪಾಟು ಕೊಳೆಯದೆ ಉಳಿಯಲು ಇದು ನೇರ ಸಹಾಯ. ಪ್ಲಾಸ್ಟಿಕ್ ಎಮಲ್ಶನ್ ತೇವವನ್ನು ಒಳಗೇ ಹಿಡಿದಿಟ್ಟು ಉಬ್ಬಿ ಸಿಪ್ಪೆ ಏಳುತ್ತದೆ. ಆದರೆ ಸುಣ್ಣಕ್ಕೆ ಒಂದು ಷರತ್ತಿದೆ, ಈಗಾಗಲೇ ಎಮಲ್ಶನ್ ಹೊಡೆದ ಗೋಡೆಯನ್ನು ಅದು ಹಿಡಿಯುವುದಿಲ್ಲ. ಪೂರ್ತಿ ಕೆರೆಸಬೇಕು. ಬಾಡಿಗೆ ಫ್ಲ್ಯಾಟಿನವರಿಗೆ ಇದು ಆಗುವ ಮಾತಲ್ಲ.

ಉದುರದಿರಲಿ ಎಂದು ಹಿಂದಿನವರು ಬೆಲ್ಲದ ನೀರು, ಗಂಜಿ, ಕಳ್ಳಿಯ ಲೋಳೆ ಬೆರೆಸುತ್ತಿದ್ದರು. ಈಗಿನ ಪೇಂಟರುಗಳು ಬಿಳಿ ಅಂಟು ಸುರಿಯುತ್ತಾರೆ, ಮೊದಲೇ ಬೇಡವೆನ್ನಿ. ಒಂದು ದಪ್ಪ ಕೈಗಿಂತ ಮೂರು ತೆಳು ಕೈ ಮೇಲು, ಪ್ರತಿ ಸಲ ಗೋಡೆ ತೋಯಿಸಿ. ಬಣ್ಣಕ್ಕೆ ಮಣ್ಣನ್ನೇ ಆರಿಸಿ: ಕೆಮ್ಮಣ್ಣು, ಜಾಜು, ಹಳದಿ ಮಣ್ಣು. ಸಸ್ಯಬಣ್ಣ ಸುಣ್ಣದಲ್ಲಿ ನಿಲ್ಲುವುದಿಲ್ಲ. ಅರಿಶಿನ ಹಾಕಿದರೆ ಗೋಡೆಯೆಲ್ಲ ಆರತಿ ತಟ್ಟೆಯ ಓಕುಳಿಯಾಗುತ್ತದೆ, ಆ ಕೆಂಪೂ ಬಿಸಿಲಿಗೆ ಮಾಸುತ್ತದೆ. ಕರಾವಳಿಯ ದೇವಸ್ಥಾನಗಳ ಕಾವಿ ಚಿತ್ರಗಳು ಅಷ್ಟು ಕಾಲ ಬಾಳಿದ್ದು ಸುಣ್ಣದ ಗಾರೆಯೊಳಗೆ ಕೆಮ್ಮಣ್ಣನ್ನೇ ಸೇರಿಸಿದ್ದರಿಂದ. ಸಾಗರದ ಕಡೆ ದೀವರ ಹೆಣ್ಣುಮಕ್ಕಳು ಹಸೆ ಚಿತ್ತಾರ ಬರೆಯುವುದೂ ಕೆಮ್ಮಣ್ಣು ಬಳಿದ ಗೋಡೆಯ ಮೇಲೆ, ಅಕ್ಕಿ ಹಿಟ್ಟಿನ ಬಿಳಿಯಲ್ಲಿ.

ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ 2021ರ ಜನವರಿಯಲ್ಲಿ ತಂದ ಸಗಣಿಯ 'ಪ್ರಾಕೃತಿಕ ಪೇಂಟ್' ನಡುವಿನ ದಾರಿ. ಬಿಡುಗಡೆಯಾದಾಗ ಡಿಸ್ಟೆಂಪರ್ ಲೀಟರಿಗೆ 120 ರೂಪಾಯಿ, ಎಮಲ್ಶನ್ 225 ರೂಪಾಯಿ. ಸೀಸ, ಪಾದರಸದಂಥ ಭಾರಲೋಹಗಳಿಲ್ಲ ಎನ್ನುವುದು ಆಯೋಗದ ಭರವಸೆ. ಹಳೆಯ ಎಮಲ್ಶನ್ ಗೋಡೆಗೆ ಸುಣ್ಣಕ್ಕಿಂತ ಸಲೀಸು. ಎಮಲ್ಶನ್ ಅಂದಮೇಲೆ ಹಿಡಿದಿಡುವ ಅಂಟು ಇದ್ದೇ ಇರುತ್ತದೆ, ಪೂರ್ತಿ ಸಗಣಿ ಎಂದುಕೊಂಡು ಕೊಳ್ಳಬೇಡಿ.

ಯಾವುದೇ ಆಗಲಿ, ಗೋಡೆ ಮುಗಿದು ಒಣಗಿದ ಮೇಲೆ ಮರದ ಸಾಮಾನು ಒಳಗೆ ಬರಲಿ. ಟ್ಯಾನಿನ್ (ಒಗರಿನ ಅಂಶ) ಹೆಚ್ಚಿರುವ ಮರಕ್ಕೆ ಸುಣ್ಣದ ಹನಿ ಬಿದ್ದರೆ ಕಪ್ಪು ಚುಕ್ಕೆ ಉಳಿಯುತ್ತದೆ.

ಹಾಗಾದರೆ ಯಾವುದಕ್ಕೆ ಯಾವುದು

ಬಯಲುಸೀಮೆಯ ಮನೆಗೆ ಬೇವಿನ ಕಪಾಟು, ಹಳೆ ತೇಗದ ಮೇಜು, ಎರಡಕ್ಕೂ ಅಗಸೆಎಣ್ಣೆ ಮೇಣ. ಘಟ್ಟದ ಮೇಲಿನವರು ಹಲಸು, ಅಕೇಶಿಯಾ ಆರಿಸಿದರೆ ಎಣ್ಣೆ ಕೆಲಸವನ್ನು ಜನವರಿಯಿಂದ ಏಪ್ರಿಲ್ ಒಳಗೆ ಮುಗಿಸಿ. ಮಳೆ ಹಿಡಿದ ಮೇಲೆ ಹಚ್ಚಿದ ಎಣ್ಣೆ ಒಣಗುವ ಮೊದಲೇ ಬೂಸಲು ಬರುತ್ತದೆ. ಅಲ್ಲಿ ಗೋಡೆಯಿಂದ ನಾಲ್ಕು ಬೆರಳು ದೂರವಿಟ್ಟ ಕಪಾಟಿಗೆ ಅರಗು ಎಣ್ಣೆಗಿಂತ ಮೇಲು. ಮಗುವಿನ ತೊಟ್ಟಿಲಿಗೂ ಅರಗೇ ನನ್ನ ಮೊದಲ ಆಯ್ಕೆ. ಊಟದ ಮೇಜಿಗೆ ಎಣ್ಣೆ, ಕಲೆಯಾದರೆ ಉಜ್ಜಿ ಮತ್ತೆ ಹಚ್ಚಬಹುದು, ವರ್ಷಕ್ಕೊಂದು ಮಧ್ಯಾಹ್ನದ ಕೆಲಸ. ಆ ಮಧ್ಯಾಹ್ನ ನಿಮ್ಮಿಂದ ಆಗದು ಅನ್ನಿಸಿದರೆ ಈಗಲೇ ನೀರು ಆಧಾರಿತ ಪಾಲಿಶ್ ಆರಿಸಿಕೊಳ್ಳಿ. ವರ್ಷಗಟ್ಟಲೆ ಎಣ್ಣೆ ಕಾಣದೆ ಬೂದುಗಟ್ಟಿದ ಮೇಜಿಗಿಂತ ಅದು ಪ್ರಾಮಾಣಿಕ.

ಸಿಂಕ್ ಕೆಳಗಿನ ಕಪಾಟು, ಬಚ್ಚಲ ಬಾಗಿಲು ಇವೆರಡರಲ್ಲಿ ನಾನು ಹಟ ಹಿಡಿಯುವುದಿಲ್ಲ. ಅಲ್ಲಿ ಅರಗೂ ಎಣ್ಣೆಯೂ ಸೋಲುತ್ತವೆ. ಸಾಧ್ಯವಿದ್ದರೆ ಸಿಂಕ್ ಕೆಳಗೆ ಬಾಗಿಲೇ ಇಲ್ಲದ ಕಡಪಾ ಕಲ್ಲಿನ ಅಂಕಣ ಮಾಡಿಸಿ, ಬಚ್ಚಲಿಗೆ ಒಳ್ಳೆಯ ಪಿಯು ಹೊಡೆಸಿದ ಹಳೆ ಮರದ ಬಾಗಿಲು ಹಾಕಿಸಿ. ಯಾವ ಲೇಪ ಆರಿಸಿದರೂ ಆಚಾರ್ರಿಂದ ಅದೇ ಮರದ ಒಂದು ತುಂಡು ಮುಂಚೆಯೇ ಇಸಿದುಕೊಂಡು, ಅರ್ಧಕ್ಕೆ ಹಚ್ಚಿ ಅರ್ಧ ಹಾಗೇ ಬಿಟ್ಟು, ಅದು ನಿಲ್ಲಬೇಕಾದ ಕೋಣೆಯಲ್ಲೇ ಒಂದು ತಿಂಗಳು ಇಟ್ಟು ನೋಡಿ. ಮುಂಗಡ ಕೊಡುವುದು ಆಮೇಲೆ.